ಷೇರುದಾರರ ಇ-ವೋಟಿಂಗ್: ಬಟನ್ ಸರಿಯಿದೆ, ಒತ್ತುವವರು ಕಮ್ಮಿ

ಐದರಲ್ಲಿ ಮೂರೂವರೆ ಸ್ಟಾರ್. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ಒಂದೂವರೆಯಲ್ಲಿ ವೆಬ್‌ಸೈಟಿನ ಪಾಲು ಅರ್ಧ ಸ್ಟಾರ್ ಅಷ್ಟೇ. ಬಾಕಿ ಒಂದು ಸ್ಟಾರ್ ಕಂಪನಿಯವರೂ ನಮ್ಮಂಥ ಷೇರುದಾರರೂ ಸೇರಿ ಕಳೆದದ್ದು.

ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಯಾವುದಾದರೂ ಲಿಸ್ಟೆಡ್ ಕಂಪನಿಯ ಒಂದೇ ಒಂದು ಷೇರು ಇದ್ದರೂ ಸಾಕು, ವರ್ಷಕ್ಕೊಮ್ಮೆ ಎಜಿಎಂ, ಅಂದರೆ ಷೇರುದಾರರ ವಾರ್ಷಿಕ ಸಭೆಯ ನೋಟಿಸ್ ಮೇಲ್‌ನಲ್ಲಿ ಬರುತ್ತದೆ. ಜತೆಗೆ ಸಭೆಯ ನಿರ್ಣಯಗಳಿಗೆ ಮನೆಯಿಂದಲೇ ವೋಟು ಹಾಕುವ ಇ-ವೋಟಿಂಗ್ ಲಿಂಕ್. ಬಹಳಷ್ಟು ಜನ ಅದನ್ನು ಬ್ಯಾಂಕಿನ ಜಾಹೀರಾತಿನ ಜತೆ ಒಟ್ಟಿಗೆ ಡಿಲೀಟ್ ಮಾಡುತ್ತಾರೆ. ನಾನು ಮಾಡುವುದಿಲ್ಲ. ಮೈಸೂರಿನ ಒಂದು ಆಡಿಟರ್ ಆಫೀಸಿನಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವಳು ನಾನು. ಕಂಪನಿ ಕಾಗದ ಕಂಡರೆ ಓದದೆ ಇರಲಾಗದ ರೋಗ ಅಂಟಿಕೊಂಡಿದೆ. ನಮ್ಮ ಮನೆಯ ಷೇರು ಅಂಥ ದೊಡ್ಡ ಮೊತ್ತದ್ದೇನಲ್ಲ. ಅರ್ಧ ಮಾವನವರ ಕಾಲದ್ದು, ಇನ್ನರ್ಧ ನಾನು ಬೋನಸ್ ಬಂದಾಗ ಕೊಂಡದ್ದು. ಕಂಪನಿಗಳ ಸಂಖ್ಯೆ ಜಾಸ್ತಿ, ಒಂದೊಂದರಲ್ಲೂ ಷೇರು ಕಮ್ಮಿ. ಹಾಗಾಗಿ ವೋಟು ಹಾಕುವ ಅನುಭವ ಮಾತ್ರ ಬೇಕಾದಷ್ಟಿದೆ.

ಸೇವೆ ಪುಕ್ಕಟೆ. 2013ರ ಕಂಪನಿ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಲಿಸ್ಟೆಡ್ ಕಂಪನಿಗಳೆಲ್ಲ ಇದನ್ನು ಕೊಡಲೇಬೇಕು. ಲಿಸ್ಟ್ ಆಗದಿದ್ದರೂ ಸಾವಿರ ಷೇರುದಾರರಿದ್ದರೆ ಕೊಡಬೇಕು. ಸಭೆಗೆ 21 ದಿನ ಮೊದಲು ನೋಟಿಸ್ ಕಳಿಸಬೇಕು. ಮನೆಯಿಂದ ವೋಟು ಹಾಕುವ ಕಿಟಕಿ ಕನಿಷ್ಠ ಮೂರು ದಿನ ತೆರೆದಿರಬೇಕು. ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಸಂಜೆ 5ಕ್ಕೆ ಎಂದರೆ 5ಕ್ಕೇ. 5:01ಕ್ಕೆ ಹೋದರೆ ಬಾಗಿಲು ಹಾಕಿರುತ್ತದೆ.

ವೋಟು ಹಾಕುವ ಜಾಗ ಒಂದೇ ಅಲ್ಲ. ಎನ್‌ಎಸ್‌ಡಿಎಲ್, ಸಿಡಿಎಸ್‌ಎಲ್ ಎಂಬ ಎರಡು ಡಿಪಾಸಿಟರಿಗಳದ್ದು (ನಮ್ಮ ಡಿಮ್ಯಾಟ್ ಷೇರು ಇಟ್ಟುಕೊಳ್ಳುವ ಸಂಸ್ಥೆಗಳು) ಒಂದೊಂದು. ಷೇರುದಾರರ ಪಟ್ಟಿ ನೋಡಿಕೊಳ್ಳುವ ರಿಜಿಸ್ಟ್ರಾರ್ ಕಂಪನಿಗಳದ್ದು ಬೇರೆ. ಮೊದಲು ಎಲ್ಲದಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಬೇಕಿತ್ತು. ಕೆಲವರು ಪ್ರತಿ ಸಭೆಗೂ ಹೊಸ ಪಾಸ್‌ವರ್ಡ್ ಕಳಿಸುತ್ತಿದ್ದರು. ಅದು ಬರುವಷ್ಟರಲ್ಲಿ ಉತ್ಸಾಹ ಇಳಿದಿರುತ್ತಿತ್ತು. 2020ರ ಡಿಸೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಂದು ಒಳ್ಳೆಯ ಆದೇಶ ಹೊರಡಿಸಿತು: ಡಿಮ್ಯಾಟ್ ಖಾತೆಯ ಲಾಗಿನ್ ಒಂದೇ ಸಾಕು, ಅಲ್ಲಿಂದಲೇ ಯಾವ ಸೈಟಿನ ವೋಟಿಂಗ್ ಪುಟಕ್ಕಾದರೂ ಹೋಗುವಂತಿರಬೇಕು. ಈಗ ಹಾಗೆಯೇ ಇದೆ. ಡಿಮ್ಯಾಟ್ ನಂಬರ್ ಹೊಡೆದು, ಮೊಬೈಲಿಗೆ ಬಂದ ಓಟಿಪಿ ಹಾಕಿದರೆ ನಿಮ್ಮ ಕಂಪನಿಗಳ ಪಟ್ಟಿ ಎದುರಿಗೆ ಬರುತ್ತದೆ. ಯಾವುದರ ವೋಟಿಂಗ್ ನಡೆಯುತ್ತಿದೆ ಎಂದೂ ತೋರಿಸುತ್ತದೆ. ಒಂದು ಕಂಪನಿ ಒತ್ತಿದರೆ ನಿರ್ಣಯಗಳು ಸಾಲಾಗಿ ಬರುತ್ತವೆ. ಒಂದೊಂದರ ಎದುರಿಗೂ ಪರ, ವಿರೋಧ. ಹತ್ತು ನಿರ್ಣಯಕ್ಕೆ ಹತ್ತು ಕ್ಲಿಕ್, ಆಮೇಲೆ ಸಬ್ಮಿಟ್, ಕನ್ಫರ್ಮ್. ಐದು ನಿಮಿಷದಲ್ಲಿ ಮುಗಿಯುತ್ತದೆ, ಓದುವ ಸಮಯ ಬಿಟ್ಟು.

ಓದುವುದರಲ್ಲೇ ಇರುವುದು ಮಜಾ. ಒಂದು ನೋಟಿಸ್ ಬಿಡಿಸಿ ತೋರಿಸುತ್ತೇನೆ. ಚಿಕ್ಕದೊಂದು ಕಾರ್ಖಾನೆಯ ಕಂಪನಿ, ಹೆಸರು ಬೇಡ. ಮೊದಲ ಐಟಂ ಲೆಕ್ಕಪತ್ರ ಒಪ್ಪುವುದು. ಎರಡನೆಯದು ಡಿವಿಡೆಂಡ್, ಅಂದರೆ ಲಾಭದಲ್ಲಿ ನಮಗೆ ಹಂಚುವ ಪಾಲು. ಮೂರನೆಯದು ಸರದಿಯಂತೆ ನಿವೃತ್ತರಾಗುವ ನಿರ್ದೇಶಕರನ್ನು ಮತ್ತೆ ನೇಮಿಸುವುದು. ನಿವೃತ್ತರಾಗುತ್ತಿರುವವರು ಅಧ್ಯಕ್ಷರ ಮಗ, ವಯಸ್ಸು ಮೂವತ್ತು ಚಿಲ್ಲರೆ. ನಾಲ್ಕನೆಯದು ಉತ್ಪಾದನಾ ವೆಚ್ಚದ ಲೆಕ್ಕ ನೋಡುವ ಕಾಸ್ಟ್ ಆಡಿಟರ್ ಫೀ. ಒಂದೂವರೆ ಲಕ್ಷ ರೂಪಾಯಿ, ಜತೆಗೆ ಜಿಎಸ್‌ಟಿ, ಓಡಾಟದ ಖರ್ಚು. ಆ ಬಡಪಾಯಿಯ ಒಂದೂವರೆ ಲಕ್ಷಕ್ಕೆ ದೇಶದಲ್ಲಿರುವ ಷೇರುದಾರರೆಲ್ಲ ಕೈ ಎತ್ತಬೇಕು!

ಐದನೆಯದು ಮ್ಯಾನೇಜಿಂಗ್ ಡೈರೆಕ್ಟರ್ (ಎಂಡಿ) ಸಂಬಳ. ಇಲ್ಲಿಂದ ಅಕ್ಷರ ಒತ್ತೊತ್ತಾಗುತ್ತದೆ. ಮೂಲ ವೇತನ, ಲಾಭದಲ್ಲಿ ಕಮಿಷನ್, ಡ್ರೈವರ್ ಸಮೇತ ಕಾರು, ಕ್ಲಬ್ ಶುಲ್ಕ, ಕುಟುಂಬ ಸಮೇತ ಪ್ರವಾಸ. ಅದೆಲ್ಲ ಇರಲಿ. ಕೊನೆಗೆ ಒಂದು ಸಾಲು ಇರುತ್ತದೆ, ಹೆಚ್ಚು ಕಡಿಮೆ ಎಲ್ಲ ನೋಟಿಸ್‌ನಲ್ಲೂ: ಯಾವುದಾದರೂ ವರ್ಷ ಲಾಭ ಬಾರದಿದ್ದರೂ ಅಥವಾ ಸಾಲದೆ ಹೋದರೂ ಮೇಲೆ ಹೇಳಿದ್ದೆಲ್ಲ ಕನಿಷ್ಠ ಸಂಬಳವಾಗಿ ಸಲ್ಲುತ್ತದೆ. ಅಂದರೆ ನಮಗೆ ಡಿವಿಡೆಂಡ್ ಇಲ್ಲದ ವರ್ಷವೂ ಅವರಿಗೆ ಕಾರು ಇದೆ. ಕಾನೂನು ಇದನ್ನು ಬಿಡುತ್ತದೆ. ಆದರೆ ಮಿತಿ ಮೀರಿದರೆ ವಿಶೇಷ ನಿರ್ಣಯ ಬೇಕು, ಅಂದರೆ ಬಿದ್ದ ವೋಟಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಪರವಾಗಿರಬೇಕು.

ಆರನೆಯದು ಇನ್ನೂ ಚೆನ್ನಾಗಿತ್ತು. ಪ್ರಮೋಟರ್, ಅಂದರೆ ಕಂಪನಿಯ ಹಿಡಿತ ಇಟ್ಟುಕೊಂಡವರು, ಅವರ ಮನೆಯವರದ್ದೇ ಇನ್ನೊಂದು ಸಂಸ್ಥೆಯಿಂದ ಕಚ್ಚಾ ಮಾಲು ಕೊಳ್ಳಲು ಒಪ್ಪಿಗೆ. ಇದಕ್ಕೇ ರಿಲೇಟೆಡ್ ಪಾರ್ಟಿ ವ್ಯವಹಾರ ಎನ್ನುವುದು. ವಿವರಣೆ ಎರಡು ಪುಟ ಇತ್ತು. ಮಾಲು ಯಾವುದು, ಎಷ್ಟು ಕೋಟಿ, ಎಷ್ಟು ವರ್ಷ ಎಲ್ಲ ಇತ್ತು. ದರ ಹೇಗೆ ಗೊತ್ತು ಮಾಡಿದರು ಎಂಬಲ್ಲಿ ಮಾತ್ರ ‘ಮಾರುಕಟ್ಟೆ ದರದಲ್ಲಿ, ವ್ಯವಹಾರದ ಸಹಜ ಕ್ರಮದಲ್ಲಿ’ ಎಂದಷ್ಟೇ. ಮಾರುಕಟ್ಟೆಯಲ್ಲಿ ಬೇರೆ ಯಾರಿಂದ ದರ ಕೇಳಿದ್ದರು? ಒಂದು ಸಾಲೂ ಇಲ್ಲ. ನಮ್ಮ ಆಫೀಸಿನಲ್ಲಿ ಪಾರ್ಟಿಯವರು ಹತ್ತು ಸಾವಿರದ ಬಿಲ್ಲಿಗೆ ಕೊಟೇಶನ್ ಇಡದಿದ್ದರೆ ನಾನು ಫೋನ್ ಮಾಡಿ ಕೇಳುತ್ತೇನೆ. ಐದು ಮತ್ತು ಆರಕ್ಕೆ ವಿರೋಧ ಒತ್ತಿದೆ. ಕಾಸ್ಟ್ ಆಡಿಟರ್‌ಗೆ ಸಂತೋಷವಾಗಿ ಪರ ಒತ್ತಿದೆ.

ನಾನು ವಿರೋಧ ಒತ್ತಿದ ಎರಡೂ ಪಾಸಾದವು. ಅದರ ಕಥೆ ಕೆಳಗೆ ಹೇಳುತ್ತೇನೆ, ಈ ರಿವ್ಯೂ ಬರೆಯಬೇಕು ಅನ್ನಿಸಿದ್ದೇ ಆ ಫಲಿತಾಂಶ ನೋಡಿ.

ಅದಕ್ಕೆ ಮೊದಲು, ಹಳೆಯ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಮಾವನವರು ಎಜಿಎಂಗೆ ಎಂದು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದರು. ಬರುವಾಗ ಸ್ವೀಟ್ ಬಾಕ್ಸ್, ಕೆಲವೊಮ್ಮೆ ಕಂಪನಿ ಹೆಸರಿನ ಚೀಲ. ಅಲ್ಲಿ ವೋಟು ಎಂದರೆ ಕೈ ಎತ್ತುವುದು. ಹತ್ತು ಷೇರಿನವರಿಗೂ ಒಂದೇ ಕೈ, ಹತ್ತು ಲಕ್ಷದವರಿಗೂ ಒಂದೇ ಕೈ. ಯಾರಾದರೂ ಪೋಲ್ ಬೇಕೆಂದು ಕೇಳಿದರೆ ಮಾತ್ರ ಷೇರು ಲೆಕ್ಕ. ಕೇಳುವವರು ಯಾರು? ಹಾಲ್‌ನಲ್ಲಿ ಅರ್ಧ ಜನ ಕಂಪನಿ ನೌಕರರು. ಕೈ ಎತ್ತುವಷ್ಟರಲ್ಲಿ ‘ಸರ್ವಾನುಮತದಿಂದ ಅಂಗೀಕಾರ’ ಎಂದು ಮೈಕಿನಲ್ಲಿ ಹೇಳಿ ಆಗಿರುತ್ತಿತ್ತು. ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲಿದ್ದವರ ಅಭಿಪ್ರಾಯಕ್ಕೆ ದಾರಿಯೇ ಇರಲಿಲ್ಲ. 2015ರ ಜುಲೈಯಿಂದ ಸಭೆಗೆ ಬಂದವರಿಗೆ ಗಿಫ್ಟ್, ಕೂಪನ್ ಕೊಡುವುದಕ್ಕೂ ತಡೆ ಬಿತ್ತು. ಕಂಪನಿ ಸೆಕ್ರೆಟರಿಗಳ ಸಂಸ್ಥೆ ರೂಪಿಸಿದ ನಿಯಮದಲ್ಲೇ ಅದಿದೆ. ಮಾವನವರಿಗೆ ಆ ಸುಧಾರಣೆ ಅಷ್ಟಾಗಿ ಹಿಡಿಸಲಿಲ್ಲ.

ಇನ್ನು, ನನ್ನ ಐವತ್ತು ಷೇರಿನ ವೋಟಿಗೆ ಯಾರು ಹೆದರುತ್ತಾರೆ ಎಂದು ನೀವು ಕೇಳಬಹುದು. ನನ್ನದಕ್ಕೆ ಯಾರೂ ಹೆದರುವುದಿಲ್ಲ. ಆದರೆ ಈ ವ್ಯವಸ್ಥೆ ಬಂದಮೇಲೆ ದೊಡ್ಡ ದೊಡ್ಡ ಮನೆಗಳೇ ಸೋತಿವೆ.

2014ರ ಜುಲೈನಲ್ಲಿ ಟಾಟಾ ಮೋಟಾರ್ಸ್‌ನಲ್ಲಿ ಮೂವರು ಹಿರಿಯ ಅಧಿಕಾರಿಗಳ ಸಂಬಳದ ನಿರ್ಣಯಗಳು ಬಿದ್ದವು. ಲಾಭ ಸಾಲದ ವರ್ಷದಲ್ಲಿ ಮಿತಿ ಮೀರಿದ ಸಂಬಳ, ಹಾಗಾಗಿ ಶೇ 75 ಬೇಕಿತ್ತು, ಸಿಗಲಿಲ್ಲ. ಕಂಪನಿ ವಿವರ ಕೊಟ್ಟು ಮರುವರ್ಷ ಮತ್ತೆ ವೋಟಿಗೆ ಹಾಕಿ ಒಪ್ಪಿಗೆ ಪಡೆಯಿತು. 2021ರ ಆಗಸ್ಟ್‌ನಲ್ಲಿ ರಾಯಲ್ ಎನ್‌ಫೀಲ್ಡ್ ಬೈಕಿನ ಐಶರ್ ಮೋಟಾರ್ಸ್ ಸರದಿ. ಎಂಡಿಯಾಗಿದ್ದ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ಸಂಬಳ ಎರಡನ್ನೂ ಒಂದೇ ನಿರ್ಣಯದಲ್ಲಿ ಕಟ್ಟಿದ್ದರು. ಸುಮಾರು ಶೇ 73 ಪರ ಬಿತ್ತು, ಆದರೂ ಬಿದ್ದುಹೋಯಿತು. ಯಾರಿಗೂ ಲಾಲ್ ಬೇಡವಾಗಿರಲಿಲ್ಲ, ಸಂಬಳದ ಮಿತಿ ಜಾಸ್ತಿ ಅನ್ನಿಸಿತ್ತು. ಕಂಪನಿ ಆ ಮಿತಿಯನ್ನು ಲಾಭದ ಶೇ 3ರಿಂದ 1.5ಕ್ಕೆ ಇಳಿಸಿ ಮತ್ತೆ ಕೇಳಿತು. ಸಿಕ್ಕಿತು. ಮೊದಲೇ ಹಾಗೆ ಕೇಳಬಹುದಿತ್ತು ಅಲ್ವಾ?

ನನಗೆ ತುಂಬ ಇಷ್ಟವಾದದ್ದು 2017ರ ರೇಮಂಡ್ ಪ್ರಕರಣ. ಮುಂಬೈಯ ಬ್ರೀಚ್ ಕ್ಯಾಂಡಿಯಲ್ಲಿ ಕಂಪನಿಗೆ ಸೇರಿದ ಜೆಕೆ ಹೌಸ್ ಎಂಬ ಕಟ್ಟಡವಿದೆ. ಅದರಲ್ಲಿನ ಫ್ಲಾಟ್‌ಗಳನ್ನು ಪ್ರಮೋಟರ್ ಕುಟುಂಬದವರಿಗೆ ಚದರಡಿಗೆ 9,200 ರೂಪಾಯಿಯಂತೆ ಮಾರುವ ಪ್ರಸ್ತಾಪ ವೋಟಿಗೆ ಬಂತು. ಆ ಜಾಗದಲ್ಲಿ ದರ ಅದರ ಎಷ್ಟೋ ಪಟ್ಟು ಎಂದು ಮುಂಬೈ ನೋಡದವರಿಗೂ ಗೊತ್ತು. ಸಂಬಂಧಪಟ್ಟವರು ಇಂಥ ನಿರ್ಣಯಕ್ಕೆ ವೋಟು ಹಾಕಿ ಪಾಸು ಮಾಡಿಕೊಳ್ಳುವಂತಿಲ್ಲ. ಉಳಿದವರು ಹಾಕಿದರು. ಶೇ 97ಕ್ಕೂ ಹೆಚ್ಚು ವೋಟು ವಿರೋಧ. ಅಷ್ಟು ಒಗ್ಗಟ್ಟು ನಮ್ಮ ಅಪಾರ್ಟ್‌ಮೆಂಟ್ ಸಭೆಯಲ್ಲಿ ನೀರಿನ ಟ್ಯಾಂಕರ್ ವಿಷಯಕ್ಕೂ ನೋಡಿಲ್ಲ.

ಆಮೇಲೆ ನೆಸ್ಲೆ ಇಂಡಿಯಾ, 2024ರ ಮೇ. ನಂಜನಗೂಡಿನಲ್ಲಿ ಅವರ ಫ್ಯಾಕ್ಟರಿ ಇದೆ, ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲ. ಸ್ವಿಟ್ಜರ್ಲೆಂಡಿನ ಮೂಲ ಕಂಪನಿಗೆ ಬ್ರ್ಯಾಂಡ್, ತಂತ್ರಜ್ಞಾನ ಬಳಸಿದ್ದಕ್ಕೆ ಕೊಡುವ ರಾಯಲ್ಟಿಯನ್ನು ಮಾರಾಟದ ಶೇ 4.5ರಿಂದ ವರ್ಷಕ್ಕೆ 0.15ರಂತೆ ಏರಿಸಿ ಐದು ವರ್ಷದಲ್ಲಿ 5.25 ಮಾಡುವ ಪ್ರಸ್ತಾಪ. ಮೂಲ ಕಂಪನಿಯ ಕೈಯಲ್ಲಿ ಶೇ 62ಕ್ಕೂ ಹೆಚ್ಚು ಷೇರು ಇದೆ. ಸಾಮಾನ್ಯ ಬಹುಮತ ಸಾಕಾಗುವ ಬೇರೆ ಯಾವ ವಿಷಯವಾದರೂ ಅವರು ಹೇಳಿದ್ದೇ ಆಗುತ್ತದೆ. ಇಲ್ಲಿ ದುಡ್ಡು ಹೋಗುವುದು ಅವರಿಗೇ ಆದ್ದರಿಂದ ಅವರ ವೋಟು ಲೆಕ್ಕಕ್ಕಿಲ್ಲ. ಉಳಿದ ಷೇರುದಾರರ ವೋಟಿನಲ್ಲಿ ಶೇ 57 ವಿರೋಧ ಬಿತ್ತು. ರಾಯಲ್ಟಿ 4.5ರಲ್ಲೇ ನಿಂತಿತು. ಇದು ನನಗೆ ಸರಿಯಾದ ಸುಧಾರಣೆ ಅನ್ನಿಸುತ್ತದೆ. ಉಪದೇಶ ಇಲ್ಲ, ಪ್ರಶಸ್ತಿ ಇಲ್ಲ. ನಿನ್ನದೇ ಜೇಬಿಗೆ ಹೋಗುವ ದುಡ್ಡಿಗೆ ನೀನು ಕೈ ಎತ್ತಬೇಡ, ಅಷ್ಟೇ.

ಪ್ರಶಸ್ತಿ ಎಂದೆನಲ್ಲ, ಸತ್ಯಂ ನೆನಪಾಯಿತು. 2008ರಲ್ಲಿ ಹೈದರಾಬಾದಿನ ಆ ಸಾಫ್ಟ್‌ವೇರ್ ಕಂಪನಿಗೆ ಕಾರ್ಪೊರೇಟ್ ಆಡಳಿತಕ್ಕಾಗಿಯೇ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. ಅದೇ ವರ್ಷ ಡಿಸೆಂಬರ್ 16ರಂದು ಅಧ್ಯಕ್ಷರ ಕುಟುಂಬದ ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಬೋರ್ಡು ಪ್ರಕಟಿಸಿತು. ಷೇರುದಾರರ ಒಪ್ಪಿಗೆ ಕೇಳಲಿಲ್ಲ. ಅಮೆರಿಕದ ಪೇಟೆಯಲ್ಲಿ ಅದರ ಬೆಲೆ ಒಂದೇ ದಿನ ಅರ್ಧಕ್ಕಿಂತ ಕೆಳಗೆ ಬಿತ್ತು. ಕೆಲವೇ ಗಂಟೆಗಳಲ್ಲಿ ಬೋರ್ಡು ಮಾತು ಹಿಂತೆಗೆದುಕೊಂಡಿತು. 2009ರ ಜನವರಿ 7ರಂದು ಲೆಕ್ಕದ ಮೋಸವನ್ನು ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು. ಆವತ್ತು ನಮ್ಮ ಆಫೀಸಿನಲ್ಲಿ ಯಾರೂ ಸರಿಯಾಗಿ ಕೆಲಸ ಮಾಡಿದ ನೆನಪಿಲ್ಲ. ಬ್ಯಾಂಕಿನ ಬ್ಯಾಲೆನ್ಸ್ ಸರ್ಟಿಫಿಕೇಟ್ ಬ್ಯಾಂಕಿನಿಂದಲೇ ನೇರವಾಗಿ ತರಿಸಬೇಕು ಎಂದು ನಮ್ಮ ಸಾರ್ ಹಿಡಿದ ಹಟ ಇವತ್ತಿಗೂ ಬಿಟ್ಟಿಲ್ಲ. 2013ರ ಕಾಯ್ದೆಯಲ್ಲಿ ಈಗ ಕಾಣುವ ಎಷ್ಟೋ ಬಿಗಿಗಳ ಹಿಂದೆ ಆ ಪ್ರಕರಣ ಇದೆ.

ಕಂಪನಿಗಳ ಮನಸ್ಸು ಹೇಗಿದೆ ಎಂದು ತಿಳಿಯಲು ಇನ್ನೊಂದು ಕಥೆ ಸಾಕು. 2017ರಲ್ಲಿ ಬ್ಯಾಂಕರ್ ಉದಯ್ ಕೋಟಕ್ ನೇತೃತ್ವದಲ್ಲಿ ಸೆಬಿ ಒಂದು ಸಮಿತಿ ಮಾಡಿತು. ಸಮಿತಿ ಹೇಳಿದ್ದರಲ್ಲಿ ಬಹಳಷ್ಟನ್ನು 2018ರ ಮಾರ್ಚ್‌ನಲ್ಲಿ ಸೆಬಿ ಒಪ್ಪಿತು. ಅದರಲ್ಲಿ ಒಂದು: ಮೊದಲ 500 ಲಿಸ್ಟೆಡ್ ಕಂಪನಿಗಳಲ್ಲಿ ಅಧ್ಯಕ್ಷರೇ ಬೇರೆ, ಎಂಡಿಯೇ ಬೇರೆ ಇರಬೇಕು. ಇಬ್ಬರೂ ಸಂಬಂಧಿಕರಾಗಿರಬಾರದು. 2020ರ ಏಪ್ರಿಲ್‌ನಿಂದ ಜಾರಿ ಎಂದರು. ಸಂಬಂಧಿಕರಾಗಿರಬಾರದು ಎಂದದ್ದೇ ತಡ, ಗಲಾಟೆ ಶುರು. ನಮ್ಮಲ್ಲಿ ಅಪ್ಪ ಅಧ್ಯಕ್ಷ, ಮಗ ಎಂಡಿ, ಇಲ್ಲವೇ ಎರಡೂ ಕುರ್ಚಿ ಒಬ್ಬರದ್ದೇ. ಗಡುವನ್ನು 2022ಕ್ಕೆ ಮುಂದೂಡಿದರು. ಹಾಗೂ ಆಗಲಿಲ್ಲ. 2022ರ ಫೆಬ್ರವರಿಯಲ್ಲಿ ಸೆಬಿ, ಇದು ಕಡ್ಡಾಯ ಅಲ್ಲ, ಇಷ್ಟ ಇದ್ದವರು ಮಾಡಿ ಎಂದುಬಿಟ್ಟಿತು. ಕಾರಣವಾಗಿ ಅದೇ ಕೊಟ್ಟ ಲೆಕ್ಕ ನೋಡಿ: 2019ರ ಸೆಪ್ಟೆಂಬರ್‌ನಲ್ಲಿ ನಿಯಮ ಪಾಲಿಸಿದ್ದ ಕಂಪನಿಗಳು ಶೇ 50.4. 2021ರ ಕೊನೆಗೆ ಶೇ 54. ಎರಡು ವರ್ಷಕ್ಕೂ ಹೆಚ್ಚು ಸಮಯ ಕೊಟ್ಟರೆ ಸರಿದದ್ದು ನಾಲ್ಕಡಿಯೂ ಇಲ್ಲ. ಮಾಡದಿದ್ದರೆ ನಿಯಮವೇ ಹೋಗುತ್ತದೆ ಎಂದು ಕಂಪನಿಗಳಿಗೆ ಚೆನ್ನಾಗಿ ಗೊತ್ತಿತ್ತು, ಹಾಗೇ ಆಯಿತು.

ಬೋರ್ಡಿನಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು ಎಂಬ ನಿಯಮ ಬಂದಾಗಲೂ ನೋಡಿದ್ದೇವೆ. ಗಡುವು 2015ರ ಏಪ್ರಿಲ್ 1. ಅದರ ಹಿಂದಿನ ವಾರಗಳಲ್ಲಿ ಪ್ರಮೋಟರ್‌ಗಳ ಹೆಂಡತಿಯರು, ಹೆಣ್ಣುಮಕ್ಕಳು, ಸೊಸೆಯರು ಸಾಲುಸಾಲಾಗಿ ನಿರ್ದೇಶಕರಾದರು. ಪ್ರಮೋಟರ್ ನಂಟಿಲ್ಲದ ಸ್ವತಂತ್ರ ಮಹಿಳಾ ನಿರ್ದೇಶಕಿಯೇ ಬೇಕು ಎಂದು ಮೊದಲ 500 ಕಂಪನಿಗಳಿಗೆ 2019ರಲ್ಲಿ, 1000 ಕಂಪನಿಗಳಿಗೆ 2020ರಲ್ಲಿ ಮತ್ತೊಂದು ನಿಯಮ ತರಬೇಕಾಯಿತು. ಅವರನ್ನೇ ಪೂರ್ತಿ ಬೈಯಲೂ ಮನಸ್ಸಿಲ್ಲ. ನಮ್ಮ ಆಫೀಸಿಗೆ ಬರುವ ಚಿಕ್ಕ ಪ್ರೈವೇಟ್ ಕಂಪನಿಗಳಲ್ಲಿ ಗಂಡ ಹೆಂಡತಿ ಇಬ್ಬರೇ ನಿರ್ದೇಶಕರು. ಬೋರ್ಡ್ ಮೀಟಿಂಗ್ ಅಡುಗೆಮನೆಯಲ್ಲೋ ಕಾರಿನಲ್ಲೋ ನಡೆದಿರುತ್ತದೆ, ಮಿನಿಟ್ಸ್ ಟೈಪ್ ಮಾಡುವುದು ನಾವು. ಆ ಅಭ್ಯಾಸ ಇಟ್ಟುಕೊಂಡೇ ಕಂಪನಿ ಬೆಳೆದು ಜನರ ದುಡ್ಡು ಎತ್ತಲು ಪೇಟೆಗೆ ಬರುತ್ತದೆ. ಆಮೇಲೆ ಯಾರೋ ಹೊರಗಿನವರು ಬಂದು ಲೆಕ್ಕ ಕೇಳಿದರೆ ಸಿಟ್ಟು ಬರುತ್ತದೆ.

ಎಲ್ಲರೂ ಹಾಗೆ ಎಂದಲ್ಲ. ಇನ್ಫೋಸಿಸ್ ಮೊದಲಿಂದಲೂ ಕಾನೂನು ಕೇಳಿದ್ದಕ್ಕಿಂತ ಹೆಚ್ಚು ಲೆಕ್ಕ ಬಿಚ್ಚಿಟ್ಟ ಕಂಪನಿ. ಕಾರ್ಪೊರೇಟ್ ಆಡಳಿತದ ಬಗ್ಗೆ 2003ರಲ್ಲಿ ಸೆಬಿಗೆ ವರದಿ ಕೊಟ್ಟ ಸಮಿತಿಗೆ ನಾರಾಯಣಮೂರ್ತಿಯವರೇ ಅಧ್ಯಕ್ಷರು. ಅಂಥ ಕಡೆಯೂ 2017ರಲ್ಲಿ, ಅದಕ್ಕೆ ಮೊದಲೇ ಬಿಟ್ಟುಹೋಗಿದ್ದ ಹಣಕಾಸು ಮುಖ್ಯಸ್ಥರಿಗೆ ಕೊಡಲೊಪ್ಪಿದ ದೊಡ್ಡ ಮೊತ್ತ, ಹಿರಿಯರ ಸಂಬಳ ಇತ್ಯಾದಿಗೆ ಸ್ಥಾಪಕರಿಗೂ ಬೋರ್ಡಿಗೂ ಜಟಾಪಟಿ ಆಯಿತು. ಆಗಸ್ಟ್‌ನಲ್ಲಿ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು, ನಂದನ್ ನಿಲೇಕಣಿ ಅಧ್ಯಕ್ಷರಾಗಿ ಮರಳಿದರು. ಮೈಸೂರಿನಲ್ಲಿ ಆಗ ಕಾಫಿ ಅಂಗಡಿಯಲ್ಲೂ ಇದೇ ಮಾತು. ಯಾರು ಸರಿ ಎಂಬುದರಲ್ಲಿ ಎರಡು ಗುಂಪು. ಆದರೆ ಜಗಳ ಬಯಲಲ್ಲಿ ಆಯಿತು, ನನ್ನಂಥವಳಿಗೂ ಓದಲು ಸಿಕ್ಕಿತು.

ಈಗ ಆ ಆರನೇ ಐಟಂಗೆ ಬರುತ್ತೇನೆ. ಸಭೆ ಮುಗಿದು ಎರಡು ಕೆಲಸದ ದಿನಗಳೊಳಗೆ ಕಂಪನಿ ವೋಟಿನ ಫಲಿತಾಂಶವನ್ನು ಷೇರುಪೇಟೆಗೆ ಕೊಡಬೇಕು. ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಒಂದೊಂದು ನಿರ್ಣಯಕ್ಕೂ ಒಂದು ಕೋಷ್ಟಕ, ಅದರಲ್ಲಿ ಮೂರು ಸಾಲು. ಮೊದಲನೆಯದು ಪ್ರಮೋಟರ್‌ಗಳು. ಎರಡನೆಯದು ಸಾರ್ವಜನಿಕರಲ್ಲಿ ಸಂಸ್ಥೆಗಳು, ಅಂದರೆ ಮ್ಯೂಚುವಲ್ ಫಂಡ್, ವಿಮಾ ಕಂಪನಿ, ವಿದೇಶಿ ಹೂಡಿಕೆದಾರರು. ಮೂರನೆಯದು ಸಂಸ್ಥೆಗಳಲ್ಲದ ಸಾರ್ವಜನಿಕರು, ಅಂದರೆ ನಾವು. ಒಬ್ಬೊಬ್ಬರ ಕೈಯಲ್ಲಿ ಎಷ್ಟು ಷೇರು, ಅದರಲ್ಲಿ ಎಷ್ಟಕ್ಕೆ ವೋಟು ಬಿತ್ತು, ಪರ ಎಷ್ಟು, ವಿರೋಧ ಎಷ್ಟು. ಇಡೀ ಸೇವೆಯಲ್ಲಿ ನನಗೆ ತುಂಬ ಇಷ್ಟವಾದ ಕಾಗದ ಇದು.

ನನ್ನ ಕಂಪನಿಯ ಆರನೇ ಐಟಂನಲ್ಲಿ ಪ್ರಮೋಟರ್ ಸಾಲು ಖಾಲಿ, ಕಾನೂನಿನಂತೆ. ಸಂಸ್ಥೆಗಳ ಸಾಲೂ ಖಾಲಿ. ಅಷ್ಟು ಚಿಕ್ಕ ಕಂಪನಿಯಲ್ಲಿ ಯಾವ ಫಂಡಿನವರೂ ದುಡ್ಡು ಹಾಕಿಲ್ಲ. ಉಳಿದದ್ದು ನಮ್ಮ ಸಾಲು. ನಮ್ಮ ಕೈಯಲ್ಲಿ ಕಂಪನಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಷೇರು ಇದೆ. ಅದರಲ್ಲಿ ವೋಟಿಗೆ ಬಂದದ್ದು ನೂರಕ್ಕೆ ಎರಡು ಮೂರು ಷೇರು. ಹಾಕಿದವರೂ ಬೆರಳೆಣಿಕೆಯ ಜನ. ಬಿದ್ದದ್ದರಲ್ಲಿ ಹೆಚ್ಚುಕಮ್ಮಿ ಎಲ್ಲ ಪರ. ನಿರ್ಣಯ ಭಾರೀ ಬಹುಮತದಿಂದ ಪಾಸು ಎಂದು ಬರೆದಿತ್ತು. ಪ್ರಮೋಟರ್‌ಗಳ ಕೈ ಕಟ್ಟಿಹಾಕುವ ಅಷ್ಟು ಒಳ್ಳೆಯ ನಿಯಮ. ಕೈ ಕಟ್ಟಿದರು, ಎದುರಿಗೆ ಆಡುವವರೇ ಬರಲಿಲ್ಲ. ನಾಲ್ಕು ಜನ ಪರಿಚಯದವರು ವೋಟು ಹಾಕಿದರೂ ಸಾಕು, ಮುಗಿಯಿತು.

ಆಮೇಲೆ ಕುತೂಹಲಕ್ಕೆ ನಮ್ಮಲ್ಲಿರುವ ಬೇರೆ ಕಂಪನಿಗಳ ಕೋಷ್ಟಕಗಳನ್ನೂ ತೆಗೆದು ನೋಡಿದೆ. ದೊಡ್ಡವುಗಳಲ್ಲಿ ಸಂಸ್ಥೆಗಳ ಸಾಲು ತುಂಬಿರುತ್ತದೆ. ಕಾರಣ ಸರಳ. ಮ್ಯೂಚುವಲ್ ಫಂಡ್‌ಗಳು ಕಡ್ಡಾಯವಾಗಿ ವೋಟು ಹಾಕಬೇಕು ಎಂದು ಸೆಬಿ 2021ರ ಏಪ್ರಿಲ್‌ನಿಂದ ಮುಖ್ಯ ವಿಷಯಗಳಿಗೆ, 2022ರ ಏಪ್ರಿಲ್‌ನಿಂದ ಎಲ್ಲ ವಿಷಯಗಳಿಗೆ ನಿಯಮ ಮಾಡಿತು. ಏಕೆ ಹಾಗೆ ಹಾಕಿದರು ಎಂಬ ಕಾರಣವನ್ನೂ ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ನೀವು ಎಸ್‌ಐಪಿ ಕಟ್ಟುತ್ತಿದ್ದರೆ ನಿಮ್ಮ ದುಡ್ಡಿನ ವೋಟು ಯಾವ ಕಡೆ ಬಿತ್ತು ಎಂದು ಅಲ್ಲಿ ಹುಡುಕಿ, ಒಳ್ಳೆಯ ಟೈಂಪಾಸ್. ನೋಟಿಸ್ ಓದಿ ಸಲಹೆ ಕೊಡುವ ಪ್ರಾಕ್ಸಿ ಸಲಹಾ ಸಂಸ್ಥೆಗಳೂ ಇವೆ. ಬೆಂಗಳೂರಿನಲ್ಲೇ ಇನ್‌ಗವರ್ನ್ ಇದೆ. ನೆಸ್ಲೆ, ಐಶರ್‌ನಂಥ ಕಡೆ ಕಂಪನಿ ಬಗ್ಗಿದ್ದು ಇಂಥವರ ಬಲದಿಂದ. ಅವರು ಇಲ್ಲದ ನೂರಾರು ಚಿಕ್ಕ ಕಂಪನಿಗಳಲ್ಲಿ ಕಾವಲಿಗೆ ಇರುವುದು ನಾವು ಮಾತ್ರ. ನಾವು ಡಿಲೀಟ್ ಒತ್ತುತ್ತಿದ್ದೇವೆ.

ಏಕೆ ಒತ್ತುತ್ತೇವೆ ಎಂದು ಕೇಳಿ ನೋಡಿದ್ದೇನೆ. ಬೆಳಗಿನ ವಾಕಿಂಗ್‌ನಲ್ಲಿ ಸಿಗುವ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್‌ಗೆ ನನಗಿಂತ ಹತ್ತು ಪಟ್ಟು ಷೇರು ಇದೆ. ‘ಮೇಡಂ, ಕಂಪನಿ ಸರಿಯಿಲ್ಲ ಅನ್ನಿಸಿದರೆ ಷೇರು ಮಾರಿ ಹೊರಗೆ ಬರಬೇಕು, ಅದನ್ನು ಬಿಟ್ಟು ವೋಟು ಯಾಕೆ’ ಎನ್ನುತ್ತಾರೆ. ನಮ್ಮ ಮೈದುನನದ್ದು ಇನ್ನೂ ಚಿಕ್ಕ ಉತ್ತರ: ‘ಅತ್ತಿಗೆ, ರೇಟು ಏರ್ತಾ ಇದೆ, ಅವರು ತಿಂದರೆ ತಿನ್ನಲಿ ಬಿಡಿ.’ ಇದನ್ನು ಉಡಾಫೆ ಎಂದು ತಳ್ಳಿಹಾಕಲಾರೆ. ಐವತ್ತು ಷೇರಿಗಾಗಿ ಇನ್ನೂರು ಮುನ್ನೂರು ಪುಟದ ಪಿಡಿಎಫ್ ಓದು ಎಂದರೆ ಯಾರಾದರೂ ನಗುತ್ತಾರೆ.

ಅದಕ್ಕೇ ಆ ಅರ್ಧ ಸ್ಟಾರ್ ಕಳೆದದ್ದು. ನಿರ್ಣಯದ ಪುಟದಲ್ಲಿ ‘ಐಟಂ 6’ ಎಂಬಷ್ಟೇ ಸಣ್ಣ ಸಾಲು ಇರುತ್ತದೆ. ವಿವರ ಬೇಕಾದರೆ ಪಿಡಿಎಫ್ ಇಳಿಸಿಕೊಳ್ಳಬೇಕು. ಒಂದು ಕಡೆ (ಯಾವುದೆಂದು ಹೇಳುವುದಿಲ್ಲ) ಪಿಡಿಎಫ್ ನೋಡಿ ವಾಪಸ್ ಬರುವಷ್ಟರಲ್ಲಿ ಸೆಶನ್ ಮುಗಿದು ಮತ್ತೆ ಓಟಿಪಿಗೆ ಕಾಯಬೇಕು. ಎಲ್ಲ ಇಂಗ್ಲಿಷ್. ನೋಟಿಸಿನ ಜಾಹೀರಾತನ್ನು ಕಂಪನಿಯ ನೋಂದಾಯಿತ ಕಚೇರಿ ಇರುವ ಜಿಲ್ಲೆಯ ಭಾಷೆಯಲ್ಲೂ ಪತ್ರಿಕೆಗೆ ಕೊಡಬೇಕೆಂಬ ನಿಯಮ ಇದೆ. ಹಾಗಾಗಿ ಬೆಂಗಳೂರಿನ ಕಂಪನಿಗಳದ್ದು ಕನ್ನಡ ಪತ್ರಿಕೆಗಳಲ್ಲೂ ಬರುತ್ತದೆ, ಕನ್ನಡಕ ಹಾಕಿದರೂ ಕಾಣದಷ್ಟು ಚಿಕ್ಕ ಅಕ್ಷರದಲ್ಲಿ. ಅದರಲ್ಲಿ ದಿನಾಂಕ, ಲಿಂಕ್ ಇರುತ್ತವೆ. ಯಾರ ಸಂಬಳ, ಯಾರಿಂದ ಮಾಲು ಎಂಬುದು ಇರುವುದಿಲ್ಲ. ಮೇಲಾಗಿ ಎಜಿಎಂಗೆ ಸೆಪ್ಟೆಂಬರ್ 30 ಕೊನೆಯ ದಿನ. ಆ ಕೊನೆಯ ವಾರ ಒಂದೇ ದಿನ ನಾಲ್ಕೈದು ಕಂಪನಿಗಳ ಕಿಟಕಿ ತೆರೆದಿರುತ್ತದೆ. ಆಡಿಟರ್ ಆಫೀಸಿನವರಿಗೆ ಉಸಿರಾಡಲೂ ಸಮಯ ಇಲ್ಲದ ತಿಂಗಳು ಅದೇ.

ಸಭೆಯನ್ನೂ ಈಗ ಫೋನಿನಲ್ಲಿ ನೋಡಬಹುದು. 2020ರ ಮೇ ತಿಂಗಳಲ್ಲಿ ಕೋವಿಡ್ ಕಾರಣಕ್ಕೆ ವಿಡಿಯೊ ಎಜಿಎಂಗೆ ಅನುಮತಿ ಸಿಕ್ಕಿತು, ಆಮೇಲೆ ಅದೇ ರೂಢಿಯಾಯಿತು. ಒಮ್ಮೆ ಕೂತು ನೋಡಿ. ಮಾತಾಡಬೇಕಾದರೆ ಮುಂಚೆಯೇ ಹೆಸರು ಕೊಡಬೇಕು. ಮುಂಬೈ, ಕೋಲ್ಕತ್ತಾ ಕಡೆಯ ಕೆಲವು ಹಿರಿಯರು ಎಲ್ಲ ಕಂಪನಿಗಳಲ್ಲೂ ಮಾತಾಡುತ್ತಾರೆ. ಮುಖ ನೋಡಿ ನೋಡಿ ನನಗೆ ನೆಂಟರ ಹಾಗೆ ಆಗಿದ್ದಾರೆ. ಮೊದಲು ಅಧ್ಯಕ್ಷರಿಗೆ ನಮಸ್ಕಾರ, ಆಮೇಲೆ ಸೆಕ್ರೆಟರಿ ವಿಭಾಗದ ಸೇವೆಗೆ ಪ್ರಶಂಸೆ, ಕೊನೆಗೆ ಹಬ್ಬದ ಶುಭಾಶಯ. ಪ್ರಶ್ನೆ ಎಲ್ಲೋ ನಡುವೆ ಕಳೆದುಹೋಗಿರುತ್ತದೆ. ಒಂದು ಕಂಪನಿಯಲ್ಲಿ ನಾನೂ ಹೆಸರು ಕೊಟ್ಟಿದ್ದೆ. ಆಡಿಟ್ ಫೀಗಿಂತ ಅದೇ ಆಡಿಟರ್‌ಗೆ ಕೊಟ್ಟ ಬೇರೆ ಕೆಲಸದ ಫೀ ಏಕೆ ಜಾಸ್ತಿ ಎಂದು ಕೇಳುವುದಿತ್ತು. ‘ಮುಂದಿನ ಸ್ಪೀಕರ್ ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂದು ಮಾಡರೇಟರ್ ಮುಂದೆ ಹೋದರು. ನಾನು ಕ್ಯಾಮೆರಾ ಆನ್ ಮಾಡಿಕೊಂಡು, ತಲೆ ಬಾಚಿಕೊಂಡು ಅಲ್ಲೇ ಕೂತಿದ್ದೆ! ಆಮೇಲೆ ಮೇಲ್ ಬರೆದೆ. ‘ನಿಮ್ಮ ಸಲಹೆಯನ್ನು ಗಮನಿಸಲಾಗಿದೆ’ ಎಂದು ಉತ್ತರ ಬಂತು. ಸಲಹೆ ಕೊಟ್ಟಿರಲಿಲ್ಲ ನಾನು.

ಬಳಸಬೇಕೋ ಬೇಡವೋ ಎಂದರೆ, ಬಳಸಿ. ವಿಶೇಷವಾಗಿ ನಿಮ್ಮ ಹತ್ತಿರ ಚಿಕ್ಕ ಕಂಪನಿಗಳ ಷೇರು ಇದ್ದರೆ. ಇಡೀ ವರದಿ ಓದಬೇಡಿ. ನೋಟಿಸ್ ಮೊದಲ ಐವತ್ತು ಪುಟದೊಳಗೆ ಎಲ್ಲೋ ಇರುತ್ತದೆ, ಅದಕ್ಕೆ ಅಂಟಿಕೊಂಡೇ ವಿವರಣೆ ಇರುತ್ತದೆ. ಡಿವಿಡೆಂಡ್, ಲೆಕ್ಕಪತ್ರ ದಾಟಿ ಸಂಬಳ ಮತ್ತು ರಿಲೇಟೆಡ್ ಪಾರ್ಟಿ ಎಂದಿರುವ ಐಟಂಗಳನ್ನು ಮಾತ್ರ ಓದಿ. ದರ ಹೇಗೆ ಗೊತ್ತಾಯಿತು ಎಂದು ಬರೆದಿಲ್ಲವೇ, ವಿರೋಧ ಒತ್ತಿ. ಕನ್ಫರ್ಮ್ ಆದ ಮೇಲೆ ವೋಟು ಬದಲಿಸಲು ಬರುವುದಿಲ್ಲ. ಸಭೆಗೆ ಕೂರಬಹುದು, ಮತ್ತೆ ವೋಟು ಹಾಕುವಂತಿಲ್ಲ. ಮಾವನವರ ಕಾಲದ ಕಾಗದದ ಷೇರು ಇನ್ನೂ ಬೀರುವಿನಲ್ಲಿದ್ದರೆ ಮೊದಲು ಡಿಮ್ಯಾಟ್ ಮಾಡಿಸಿ. ಏಳು ವರ್ಷ ಸತತ ಡಿವಿಡೆಂಡ್ ತೆಗೆದುಕೊಳ್ಳದೆ ಬಿಟ್ಟರೆ ಷೇರೇ ಸರ್ಕಾರದ ಹೂಡಿಕೆದಾರರ ನಿಧಿಯಾದ ಐಇಪಿಎಫ್ ಖಾತೆಗೆ ಹೋಗುತ್ತದೆ, ಅಲ್ಲಿರುವಷ್ಟು ದಿನ ಅದರ ವೋಟೂ ನಿಂತಿರುತ್ತದೆ. ನೋಟಿಸ್ ಹೋಗುವುದು ಡಿಮ್ಯಾಟ್ ಖಾತೆಯಲ್ಲಿ ಬರೆಸಿದ ಮೇಲ್‌ಗೆ. ಅಲ್ಲಿ ಹಳೆಯ ಆಫೀಸಿನ ಮೇಲ್ ಇದ್ದರೆ ಬ್ರೋಕರ್ ಆ್ಯಪ್‌ನ ಪ್ರೊಫೈಲ್‌ಗೆ ಹೋಗಿ ಇವತ್ತೇ ಬದಲಿಸಿ.